ಬೆಳ್ಳಿತೆರೆಯ ಅಪ್ಪ-ಅಮ್ಮ: ಅಶ್ವಥ್ ಮತ್ತು ಪಂಡರಿಬಾಯಿ

ಕನ್ನಡ ಸಿನಿಮಾದ ಬಗ್ಗೆ ಬರೆಯುವವರು ನಾಯಕರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಾಯಕ-ನಾಯಕಿಯರ ಜೋಡಿಗಳ ಬಗ್ಗೆ ಬರೆಯುತ್ತಾರೆ. ನರಸಿಂಹರಾಜು-ಬಾಲಕೃಷ್ಣ ಅವರ ಹಾಸ್ಯದ ಬಗ್ಗೆಯೂ ಪ್ರೀತಿಯ ಮಾತುಗಳಿವೆ. ಆದರೆ ತೆರೆಯ ಮೇಲೆ ಅಪ್ಪ-ಅಮ್ಮನಾಗಿ ನಿಂತು, ನೋಡುಗರ ಮನಸ್ಸಿನಲ್ಲಿ ‘ಒಳ್ಳೆಯ ಮನೆ’ ಎಂದರೆ ಹೇಗಿರಬೇಕೆಂಬ ಚಿತ್ರವನ್ನು ಕೂರಿಸಿದ ಕೆ.ಎಸ್. ಅಶ್ವಥ್ ಮತ್ತು ಪಂಡರಿಬಾಯಿ ಅವರ ಬಗ್ಗೆ ಬರುವುದು ಹೆಚ್ಚಾಗಿ ಶ್ರದ್ಧಾಂಜಲಿಯ ಮಾತುಗಳೇ. ‘ಸಾತ್ವಿಕ ಅಭಿನಯ’, ‘ತಾಯಿ ಪಾತ್ರಕ್ಕೆ ಜೀವ ತುಂಬಿದವರು’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಪಂಡರಿಬಾಯಿ 2003ರ ಜನವರಿಯಲ್ಲಿ ತೀರಿಕೊಂಡರು. ಅಶ್ವಥ್ 2010ರ ಜನವರಿಯಲ್ಲಿ ತೀರಿಕೊಂಡರು. ಶ್ರದ್ಧಾಂಜಲಿಯ ಕಾಲ ಮುಗಿದಿದೆ. ಇನ್ನಾದರೂ ಅವರ ಕೆಲಸವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು. ಹಾಗೆ ನೋಡುವುದೂ ಒಂದು ಗೌರವವೇ.

ನಮ್ಮ ಪ್ರಶ್ನೆ ಸರಳವಾದದ್ದು. ಈ ಇಬ್ಬರು ನಟರು ಅಷ್ಟೊಂದು ಒಳ್ಳೆಯವರಾಗಿ ಕಾಣಿಸಿದ್ದರಿಂದ, ಅವರ ಪಾತ್ರಗಳು ಮಾಡಿದ್ದೆಲ್ಲವನ್ನೂ ನಾವು ಒಳ್ಳೆಯದೆಂದು ಒಪ್ಪಿಕೊಂಡೆವೇ?

ಎರಡು ಊರು, ಎರಡು ಶಾಲೆ

ಪಂಡರಿಬಾಯಿ ನಮ್ಮ ಜಿಲ್ಲೆಯವರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳು ಘಟ್ಟದ ಮೇಲಿನ ಉತ್ತರ ಕನ್ನಡವಾದರೆ, ಅವರು ಹುಟ್ಟಿದ ಭಟ್ಕಳ ಘಟ್ಟದ ಕೆಳಗಿನ ಉತ್ತರ ಕನ್ನಡ. ನವಾಯತ ಮುಸ್ಲಿಮರ ಊರೆಂದು ಹೆಸರಾದ ಭಟ್ಕಳ ಕನ್ನಡ ಚಿತ್ರರಂಗಕ್ಕೆ ಅದರ ಬಹುದೊಡ್ಡ ತಾಯಿಯನ್ನು ಕೊಟ್ಟಿತೆಂಬುದನ್ನು ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಮರೆತಿದ್ದಾರೆ. ಹರಿಕಥೆ, ಕೀರ್ತನೆಗಳ ಮನೆಯಿಂದ ಬಂದ ಅವರು 1943ರ ‘ವಾಣಿ’ ಚಿತ್ರದಿಂದ ತೆರೆಗೆ ಬಂದರು. 1952ರಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಯಲ್ಲಿ ನಾಯಕಿಯಾದರು. 1954ರಲ್ಲಿ ರಾಜ್‌ಕುಮಾರ್ ನಾಯಕನಾಗಿ ಕಾಲಿಟ್ಟ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪನ ಹೆಂಡತಿಯಾದರು. ಎರಡು ಭಾಷೆಗಳ ಇಬ್ಬರು ಮಹಾನಾಯಕರು ತಮ್ಮ ಮೊದಲ ಹೆಜ್ಜೆಯಲ್ಲಿ ಎದುರಿಗೆ ಕಂಡದ್ದು ಇದೇ ಭಟ್ಕಳದ ಹೆಣ್ಣುಮಗಳನ್ನು. ಮುಂದೆ ‘ಸಂತ ಸಖು’, ‘ರಾಯರ ಸೊಸೆ’ಯಂಥ ಚಿತ್ರಗಳಲ್ಲಿ ತಂಗಿ ಮೈನಾವತಿಯ ಜೊತೆ ನಟಿಸಿದರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಚಂದ್ರಮತಿಯಾದರು.

ಅಶ್ವಥ್ 1925ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಸರ್ಕಾರಿ ನೌಕರಿ, ಹವ್ಯಾಸಿ ನಾಟಕ, ಆಕಾಶವಾಣಿಯ ನಾಟಕ ಇವು ಅವರ ಶಾಲೆ. 1955ರ ‘ಸ್ತ್ರೀರತ್ನ’ದಿಂದ ಸಿನಿಮಾಕ್ಕೆ ಬಂದರು. ನಾಯಕನಾಗಿ ಹೆಚ್ಚು ದಿನ ನಿಲ್ಲಲಿಲ್ಲ. ಆದರೆ ಮುಂದಿನ ನಾಲ್ಕು ದಶಕಗಳಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಪೋಷಕ ಪಾತ್ರ ಮಾಡಿದರು.

ಈ ಹಿನ್ನೆಲೆಯನ್ನು ಹೇಳುವುದಕ್ಕೆ ಕಾರಣವಿದೆ. ಇಬ್ಬರ ಅಭಿನಯವೂ ಒಂದೇ ಬಗೆಯದು, ಎರಡೂ ‘ಸಾತ್ವಿಕ’ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ಪಂಡರಿಬಾಯಿ ಕೀರ್ತನೆಯ ಪರಂಪರೆಯವರು. ಕೀರ್ತನಕಾರರು ಭಾವವನ್ನು ಬಚ್ಚಿಡುವುದಿಲ್ಲ, ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ಮುದುಕಿಗೂ ತಲುಪುವ ಹಾಗೆ ಹಂಚುತ್ತಾರೆ. ಪಂಡರಿಬಾಯಿಯವರ ಕಣ್ಣು ಮೊದಲೇ ತುಂಬಿಕೊಳ್ಳುತ್ತದೆ, ಮಾತು ಆಮೇಲೆ ಬರುತ್ತದೆ. ಅಶ್ವಥ್ ರೇಡಿಯೋ ಬಲ್ಲವರು. ಮೈಕಿನ ಮುಂದೆ ಕೂಗಬೇಕಾಗಿಲ್ಲ. ದನಿಯನ್ನು ಒಂದು ಎಳೆ ಇಳಿಸಿದರೆ ಸಾಕು, ಕೇಳುವವನೇ ಕಿವಿಗೊಡುತ್ತಾನೆ. ಅವರ ದುಃಖ ಕಣ್ಣಿಗೆ ಬರುವುದಕ್ಕಿಂತ ಮೊದಲು ದನಿಗೆ ಬರುತ್ತದೆ. ಒಬ್ಬರು ಸುರಿಸುವವರು, ಇನ್ನೊಬ್ಬರು ತಡೆಹಿಡಿಯುವವರು. ಹಾಗಾಗಿಯೇ ಇಬ್ಬರೂ ಒಂದೇ ದೃಶ್ಯದಲ್ಲಿದ್ದಾಗ ನಮಗೆ ನಟರ ಜೋಡಿ ಕಾಣುವುದಿಲ್ಲ, ಎಷ್ಟೋ ವರ್ಷ ಒಟ್ಟಿಗೆ ಬಾಳಿದ ಗಂಡ-ಹೆಂಡತಿ ಕಾಣುತ್ತಾರೆ. ಒಬ್ಬರು ಅಳುವಾಗ ಇನ್ನೊಬ್ಬರು ಅಳಬಾರದೆಂಬ ಸಂಸಾರದ ಒಪ್ಪಂದ ಅವರ ನಡುವೆ ಇದ್ದೇ ಇತ್ತು.

ನಾಲ್ಕು ತಾಲ್ಲೂಕುಗಳ ನೋಡುಗರು

ಈ ಜೋಡಿಯನ್ನು ಮೈಸೂರು, ಮಂಡ್ಯದವರು ನೋಡಿದ ರೀತಿ ಬೇರೆ, ನಮ್ಮ ನಾಲ್ಕು ತಾಲ್ಲೂಕುಗಳವರು ನೋಡಿದ ರೀತಿ ಬೇರೆ. ‘ಬೇಡರ ಕಣ್ಣಪ್ಪ’ ಬಂದಾಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಳಿಯಾಳ, ಜೋಯಿಡಾಗಳಲ್ಲಿ ಮರಾಠಿ, ಕೊಂಕಣಿಯ ಮನೆಗಳು. ಕಾಡಿನಂಚಿನಲ್ಲಿ ಸಿದ್ಧಿಗಳ, ಗೌಳಿಗಳ ಕೇರಿಗಳು. ಮುಂಡಗೋಡದಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ವಸತಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನ ಸುತ್ತ ಬೆಳೆದ ಊರಲ್ಲಿ ಉರ್ದು, ತೆಲುಗು, ಮಲಯಾಳಂ, ಕನ್ನಡ ಎಲ್ಲವೂ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದವು. ಇಂಥ ಕಡೆ ಹಿಂದಿ ಸಿನಿಮಾ ಎಲ್ಲರದೂ ಆಗಿತ್ತು, ಕನ್ನಡ ಸಿನಿಮಾವನ್ನು ಆರಿಸಿಕೊಂಡು ನೋಡಬೇಕಿತ್ತು.

ದಾಂಡೇಲಿಯಂಥ ಗಿರಣಿಯೂರಿನಲ್ಲಿ ನೆನಪಿಸಿಕೊಳ್ಳಬೇಕಾದ ಇನ್ನೊಂದು ಚಿತ್ರವಿದೆ. ಜೆಮಿನಿಯ ಎಸ್.ಎಸ್. ವಾಸನ್ 1959ರಲ್ಲಿ ಮಾಡಿದ ‘ಪೈಗಾಮ್’ ಗಿರಣಿ ಕಾರ್ಮಿಕರ ಮನೆಯ ಕಥೆ. ದಿಲೀಪ್ ಕುಮಾರ್ ತಮ್ಮ, ಹಿಂದಿಯ ರಾಜ್‌ಕುಮಾರ್ ಅಣ್ಣ. ಆ ಮನೆಯ ಅತ್ತಿಗೆಯಾಗಿ ಬರುವವರು ಪಂಡರಿಬಾಯಿ. ಮುಷ್ಕರದಲ್ಲಿ ಅಣ್ಣ-ತಮ್ಮ ಬೇರೆಯಾದಾಗ ಎರಡು ಪಕ್ಷದ ನಡುವೆ ಅನ್ನ ಬೇಯಿಸುವ ಹೆಂಗಸಿನ ಪಾಡೇನು ಎಂಬುದು ಗಿರಣಿಯೂರಿನ ಹೆಂಗಸರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ನಮ್ಮ ತಲೆಮಾರಿನವರು ಈ ಚಿತ್ರಗಳನ್ನು ಕಂಡದ್ದು ಹೆಚ್ಚಾಗಿ ದೂರದರ್ಶನದಲ್ಲಿ. ವಾರಕ್ಕೊಮ್ಮೆ ಬರುವ ಕನ್ನಡ ಚಿತ್ರಕ್ಕೆ ಟಿ.ವಿ. ಇದ್ದ ಮನೆಯಲ್ಲಿ ಇಡೀ ಓಣಿ ಸೇರುತ್ತಿತ್ತು. ಉರ್ದು ಶಾಲೆಯಲ್ಲಿ ‘ಅಲಿಫ್, ಬೇ’ ಕಲಿತು ಆಮೇಲೆ ಕನ್ನಡ ಹೈಸ್ಕೂಲಿನ ಬೆಂಚಿಗೆ ಬಂದ ನಮ್ಮಂಥವರಿಗೆ ಅಶ್ವಥ್ ಅವರ ಮಾತು ಒಂದು ಪಾಠವೂ ಆಗಿತ್ತು. ನಮ್ಮ ಸಂತೆಯ ಕನ್ನಡ ‘ಬರ್ರಿ, ಕುಂದರ್ರಿ’ ಎನ್ನುವಂಥದ್ದು, ಅರ್ಧ ದಖ್ಖನಿ ಬೆರೆತದ್ದು. ಅವರದು ಮೈಸೂರಿನ ಕನ್ನಡ. ಆದರೆ ಅವರು ಪದಗಳನ್ನು ಬಿಡಿಸಿ, ಅವಸರವಿಲ್ಲದೆ ಆಡುತ್ತಿದ್ದುದರಿಂದ ಕನ್ನಡ ಸರಿಯಾಗಿ ಬಾರದ ನಾನಿಯರಿಗೂ ಅರ್ಥವಾಗುತ್ತಿತ್ತು. ‘ಬಾಪ್ ಹೋ ತೋ ಐಸಾ’ ಎಂಬ ಉದ್ಗಾರ ನಮ್ಮ ಓಣಿಗಳಲ್ಲಿ ಕೇಳಿಬರುತ್ತಿದ್ದುದು ಹಿಂದಿಯ ನಜೀರ್ ಹುಸೇನರಿಗೆ ಮಾತ್ರವಲ್ಲ. ಪಂಚೆ ಉಟ್ಟ, ಜನಿವಾರದ ಮನೆಯ ಆ ತಂದೆಯನ್ನು ಉರ್ದು ಮಾತನಾಡುವ ಹೆಂಗಸರು ತಮ್ಮ ಅಬ್ಬಾನೆಂದು ಒಪ್ಪಿಕೊಂಡಿದ್ದರು. ಇದು ಸಣ್ಣ ಸಂಗತಿಯಲ್ಲ. ಸಭೆಗಳಲ್ಲಿ ಸೌಹಾರ್ದದ ಭಾಷಣ ಮಾಡಿದವರಿಗಿಂತ ಹೆಚ್ಚಿನ ಕೆಲಸವನ್ನು ಆ ದನಿ ಮಾಡಿತ್ತು. ಅಷ್ಟು ಒಪ್ಪಿಕೊಂಡವರು ಎಂಬ ಹಕ್ಕಿನಿಂದಲೇ ನಾವು ಮುಂದಿನ ಮಾತುಗಳನ್ನು ಆಡುತ್ತಿದ್ದೇವೆ.

‘ಬೆಳ್ಳಿಮೋಡ’ದ ಮನೆ

ಈ ಜೋಡಿಯನ್ನು ಅರಿಯಲು ಒಂದೇ ಚಿತ್ರ ನೋಡಬೇಕೆಂದರೆ ‘ಬೆಳ್ಳಿಮೋಡ’ವನ್ನು ನೋಡಬೇಕು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1967ರಲ್ಲಿ ಬಂದ ಈ ಚಿತ್ರ ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ಕಲ್ಪನಾಗೆ ದೊಡ್ಡ ಹೆಸರು ತಂದದ್ದು. ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ಕಾಫಿ ತೋಟದ ಯಜಮಾನ ಸದಾಶಿವರಾಯರು (ಅಶ್ವಥ್), ಹೆಂಡತಿ ಲಲಿತಮ್ಮ (ಪಂಡರಿಬಾಯಿ), ಒಬ್ಬಳೇ ಮಗಳು ಇಂದಿರಾ. ಮೋಹನ (ಕಲ್ಯಾಣ್‌ಕುಮಾರ್) ಎಂಬ ಬುದ್ಧಿವಂತ ಹುಡುಗನ ಜೊತೆ ಅವಳ ನಿಶ್ಚಯವಾಗುತ್ತದೆ. ಭಾವೀ ಮಾವನ ಹಣದಲ್ಲಿ ಅವನು ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ, ವರ್ಷಗಳ ನಂತರ, ಲಲಿತಮ್ಮ ಬಸುರಿಯಾಗುತ್ತಾಳೆ. ಗಂಡುಮಗು ಹುಟ್ಟುತ್ತದೆ, ತಾಯಿ ಸಾಯುತ್ತಾಳೆ. ತಿರುಗಿ ಬಂದ ಮೋಹನನಿಗೆ ತೋಟ ತನಗೆ ಬರುವುದಿಲ್ಲವೆಂದು ತಿಳಿದು ಅವನು ಮದುವೆ ಮುರಿಯುತ್ತಾನೆ. ಮುಂದೆ ಅವನು ಬಿದ್ದು ಹಾಸಿಗೆ ಹಿಡಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಕೈ ಚಾಚಿದಾಗ ಅವಳು ಒಲ್ಲೆನೆನ್ನುತ್ತಾಳೆ.

ವಿಮರ್ಶಕರು ಮೆಚ್ಚಿದ್ದು ಆ ಕೊನೆಯ ‘ಒಲ್ಲೆ’ಯನ್ನು. ಅದು ಮೆಚ್ಚಬೇಕಾದ್ದೇ. ಆದರೆ ನಮ್ಮ ಗಮನ ಚಿತ್ರದ ನಡುಭಾಗಕ್ಕೆ ಹೋಗುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ತಾಯಿ ಬಸುರಿಯಾಗುವುದು ನಾಚಿಕೆಯ, ಸಂತೋಷದ, ಭಯದ ವಿಷಯ ಎಲ್ಲವೂ ಹೌದು. ಕೆಟ್ಟ ನಟರ ಕೈಯಲ್ಲಿ ಇದು ನಗೆಪಾಟಲಾಗುತ್ತಿತ್ತು. ಇವರಿಬ್ಬರ ಕೈಯಲ್ಲಿ ಅದು ಘನತೆಯಾಯಿತು. ನಡುವಯಸ್ಸಿನ ಗಂಡ-ಹೆಂಡತಿಯ ನಡುವೆಯೂ ಪ್ರೀತಿಯಿದೆ, ದೇಹವಿದೆ ಎಂಬುದನ್ನು ಒಂದೇ ಒಂದು ಹಗುರ ಮಾತಿಲ್ಲದೆ 1967ರ ಸಂಸಾರಸ್ಥ ನೋಡುಗರಿಗೆ ಒಪ್ಪಿಸಿದರು. ಈ ಜೋಡಿಯ ದೊಡ್ಡ ಸಾಧನೆ ಇದೆಂದು ನಾವು ತಿಳಿಯುತ್ತೇವೆ. ತಾಯಿಯೆಂದರೆ ಬರೀ ತಾಯಿಯಲ್ಲ, ಅವಳು ಒಬ್ಬನ ಹೆಂಡತಿಯೂ ಹೌದು ಎಂಬುದನ್ನು ನಮ್ಮ ಸಿನಿಮಾ ಮುಂದೆ ಬಹಳ ಮಟ್ಟಿಗೆ ಮರೆತುಬಿಟ್ಟಿತು.

ಈ ಕಥೆಯ ಹಿಂದೆ ಒಂದು ಕಹಿ ಸತ್ಯವೂ ಇದೆ. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಳ್ಳುವ ಮನೆಯ ಕಥೆ ಬರೆದ ತ್ರಿವೇಣಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ಕಥೆ ತೆರೆಗೆ ಬಂದದ್ದನ್ನು ಅವರು ನೋಡಲಿಲ್ಲ.

ಇನ್ನು ನಮ್ಮ ತಕರಾರು. ಗಂಡುಮಗು ಹುಟ್ಟಿದ ಕ್ಷಣದಿಂದ ಇಂದಿರಾಗೆ ಆಸ್ತಿಯಿಲ್ಲ ಎಂಬುದನ್ನು ಮೋಹನ ಮಾತ್ರವಲ್ಲ, ಚಿತ್ರದಲ್ಲಿ ಎಲ್ಲರೂ ಸಹಜವೆಂದು ಒಪ್ಪುತ್ತಾರೆ. ಮೋಹನನ ದುರಾಸೆಯನ್ನು ಚಿತ್ರ ಖಂಡಿಸುತ್ತದೆ, ಆದರೆ ಆ ದುರಾಸೆಗೆ ದಾರಿ ಮಾಡಿದ ಲೆಕ್ಕವನ್ನು ಪ್ರಶ್ನಿಸುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೂ ಪಾಲಿದೆಯೆಂದು ಅದು ಹೇಳಿತ್ತು. ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಸದಾಶಿವರಾಯರಂಥ ಓದಿದ, ಮಗಳನ್ನು ಕಣ್ಣಲ್ಲಿಟ್ಟು ಬೆಳೆಸಿದ ತಂದೆಗೆ ‘ತೋಟದಲ್ಲಿ ನಿನಗೂ ಪಾಲಿದೆ’ ಎನ್ನುವ ಒಂದು ಮಾತು ಏಕೆ ಹೊಳೆಯಲಿಲ್ಲ? ಆ ಪ್ರಶ್ನೆ ನೋಡುಗನಿಗೆ ಏಳುವುದೇ ಇಲ್ಲ. ಏಕೆಂದರೆ ಎದುರಿಗಿರುವುದು ಅಶ್ವಥ್. ಆ ದನಿಯ ನೋವನ್ನು ಕೇಳಿದ ಮೇಲೆ ಅವರನ್ನು ಯಾರು ಲೆಕ್ಕ ಕೇಳುತ್ತಾರೆ? ಒಳ್ಳೆಯ ನಟನೆಯ ಶಕ್ತಿ ಇದು, ಅಪಾಯವೂ ಇದೇ.

ಇದನ್ನು ಹೇಳುವಾಗ ನಮ್ಮ ಓದುಗರು, ಅದರಲ್ಲೂ ಮುಸ್ಲಿಮ್ ಓದುಗರು, ‘ನಮ್ಮಲ್ಲಿ ಹಾಗಿಲ್ಲ, ನಮ್ಮ ಶರೀಅತ್ ಮಗಳಿಗೆ ಪಾಲು ಕೊಟ್ಟಿದೆ’ ಎಂದು ಹೆಮ್ಮೆಪಡಬಹುದು. ಕೊಟ್ಟಿರುವುದು ನಿಜ. ಮಗನ ಅರ್ಧದಷ್ಟು ಪಾಲು ಮಗಳದ್ದೆಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ಆದರೆ ಹಳಿಯಾಳ, ಮುಂಡಗೋಡದ ಗದ್ದೆಗಳ ಉತಾರ ತೆಗೆದು ನೋಡಿದರೆ ಎಷ್ಟು ಹೆಣ್ಣುಮಕ್ಕಳ ಹೆಸರಿದೆ? ‘ತವರಿನ ಬಾಗಿಲು ಮುಚ್ಚಿಕೊಳ್ಳಬೇಡ ಬೇಟಿ’ ಎಂಬ ಮೃದು ಮಾತಿನಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಬ್ಬಾಗಳು, ಭಾಯಿಜಾನ್‌ಗಳು ನಮ್ಮಲ್ಲಿ ಕಡಿಮೆಯೇ? ಅವರೂ ಕೆಟ್ಟವರಲ್ಲ. ಅವರ ದನಿಯೂ ಮೆತ್ತಗೇ ಇರುತ್ತದೆ. ಸದಾಶಿವರಾಯರು ತೆರೆಯ ಮೇಲೆ ಮಾತ್ರ ಇಲ್ಲ.

ಚಾಮಯ್ಯ ಮೇಷ್ಟ್ರ ಪ್ರೀತಿ

‘ಬೆಳ್ಳಿಮೋಡ’ ಆದ ಎರಡು ವರ್ಷಕ್ಕೆ, 1969ರಲ್ಲಿ, ಆರ್. ನಾಗೇಂದ್ರರಾಯರು ‘ನಮ್ಮ ಮಕ್ಕಳು’ ಚಿತ್ರ ಮಾಡಿದಾಗ ಅಶ್ವಥ್-ಪಂಡರಿಬಾಯಿ ಅವರನ್ನೇ ಮುಖ್ಯ ಪಾತ್ರಗಳಲ್ಲಿ ಇಟ್ಟರು. ಪೋಷಕ ನಟರ ಜೋಡಿಯ ಮೇಲೆ ಚಿತ್ರವೊಂದು ನಿಲ್ಲಬಲ್ಲದೆಂಬ ನಂಬಿಕೆ ಆಗ ಬಂದಿತ್ತು. ಅಶ್ವಥ್ ಎಂದರೆ ಮನೆಯ ಹಿರಿಯ ಎಂಬುದು ಅಷ್ಟು ಗಟ್ಟಿಯಾದ ಮೇಲೆ ಬಂದದ್ದು 1972ರ ‘ನಾಗರಹಾವು’. ಇಲ್ಲಿ ಪಂಡರಿಬಾಯಿ ಇಲ್ಲ. ಚಾಮಯ್ಯ ಮೇಷ್ಟ್ರ ಹೆಂಡತಿ ತುಂಗಮ್ಮನಾಗಿ ಲೀಲಾವತಿ ಇದ್ದಾರೆ. ಆದರೆ ಪಂಡರಿಬಾಯಿಯ ಜೊತೆ ಅಶ್ವಥ್ ಕಟ್ಟಿದ ಮನೆಯೇ ಇದು, ಅದೇ ಅಡುಗೆಮನೆ, ಅದೇ ಜಗುಲಿ.

ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಹೆಣೆದ ಈ ಚಿತ್ರದಲ್ಲಿ ರಾಮಾಚಾರಿಯನ್ನು (ವಿಷ್ಣುವರ್ಧನ್) ಊರೆಲ್ಲ ಪುಂಡನೆಂದು ತಳ್ಳುತ್ತದೆ. ಮಗನಂತೆ ಕಾಣುವವರು ಮೇಷ್ಟ್ರು ಮತ್ತು ತುಂಗಮ್ಮ ಮಾತ್ರ. ಅವನು ಬ್ರಾಹ್ಮಣರಲ್ಲೇ ಬೇರೆ ಪಂಗಡದ ಅಲಮೇಲುವನ್ನು ಪ್ರೀತಿಸಿದಾಗ, ಅದನ್ನು ಬಿಡುವಂತೆ ಒಪ್ಪಿಸುವವರು ಮೇಷ್ಟ್ರೇ. ಅಪ್ಪನ ಬೈಗುಳಕ್ಕೆ, ಊರಿನ ಬೆದರಿಕೆಗೆ ಬಗ್ಗದ ಹುಡುಗ ಮೇಷ್ಟ್ರ ಮೆತ್ತನೆಯ ಮಾತಿಗೆ ಬಗ್ಗುತ್ತಾನೆ. ಆ ತ್ಯಾಗದಿಂದ ಯಾರಿ­ಗೂ ಒಳ್ಳೆಯದಾಗುವುದಿಲ್ಲ. ಬೇರೆಲ್ಲೋ ಮದುವೆಯಾದ ಅಲಮೇಲು ಮೈ ಮಾರಿ ಬದುಕುವ ಸ್ಥಿತಿಯಲ್ಲಿ ಅವನಿಗೆ ಸಿಗುತ್ತಾಳೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೇಟಳನ್ನು ಅವನು ಒಪ್ಪಿದಾಗಲೂ ಬೇಡವೆಂದು ಅಡ್ಡ ಬರುವವರು ಮೇಷ್ಟ್ರೇ. ಚಿತ್ರದುರ್ಗದ ಬಂಡೆಯ ಮೇಲೆ ಸಿಟ್ಟಿನ ಭರದಲ್ಲಿ ರಾಮಾಚಾರಿ ತಳ್ಳಿದಾಗ ಅವರು ಪ್ರಪಾತಕ್ಕೆ ಬೀಳುತ್ತಾರೆ. ಹುಡುಗ-ಹುಡುಗಿ ಇಬ್ಬರೂ ಹಿಂದೆಯೇ ಹಾರುತ್ತಾರೆ.

ಪುಟ್ಟಣ್ಣನವರು ಇಲ್ಲಿ ‘ಬೆಳ್ಳಿಮೋಡ’ದಲ್ಲಿ ಕೇಳದ ಪ್ರಶ್ನೆಯನ್ನು ಕೇಳಿದ್ದಾರೆಂದು ನಮಗನಿಸುತ್ತದೆ. ಪ್ರೀತಿಸುವ ಹಿರಿಯ ಆ ಪ್ರೀತಿಗೆ ಕೇಳುವ ಬೆಲೆ ಏನು? ಜಾತಿ ಮತದ ಗೋಡೆಯನ್ನು ಕಾಯಲು ಯಾವಾಗಲೂ ದೊಣ್ಣೆ ಹಿಡಿದವರೇ ಬೇಕಾಗಿಲ್ಲ. ಊಟ ಬಡಿಸಿದ ಕೈ, ತಲೆ ಸವರಿದ ಕೈ ಇನ್ನೂ ಚೆನ್ನಾಗಿ ಕಾಯುತ್ತದೆ. ಅಶ್ವಥ್ ಈ ಪಾತ್ರವನ್ನು ಎಲ್ಲೂ ಖಳನನ್ನಾಗಿ ಮಾಡದೆ, ಎಲ್ಲೂ ಸಮರ್ಥಿಸದೆ ನಟಿಸಿದ್ದಾರೆ. ಮೇಷ್ಟ್ರಿಗೆ ತಾನು ಮಾಡುತ್ತಿರುವುದು ಹುಡುಗನ ಒಳಿತಿಗೇ ಎಂಬ ನಂಬಿಕೆಯಿದೆ. ಆ ನಂಬಿಕೆಯೇ ಅವರ ದುರಂತ. ಅವರಿಗೆ ಈ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ನೋಡುಗರು ಚಾಮಯ್ಯನವರನ್ನು ಆದರ್ಶ ಗುರು ಎಂದು ಎತ್ತಿ ಆಡಿದರು. ಚಿತ್ರ ತೋರಿಸಿದ್ದು ಒಂದು, ನಾವು ಒಯ್ದದ್ದು ಇನ್ನೊಂದು.

ಇದೇ ಚಿತ್ರದಲ್ಲಿ ಇನ್ನೊಬ್ಬನಿದ್ದಾನೆ, ಜಲೀಲ. ಅಂಬರೀಶ್ ಅವರ ಮೊದಲ ಪಾತ್ರ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕೆಣಕುವ ಈ ಹುಡುಗನ ಮಾತು ಇಂದಿಗೂ ಜನರ ಬಾಯಲ್ಲಿದೆ. 2018ರಲ್ಲಿ ಚಿತ್ರ ಹೊಸ ತಾಂತ್ರಿಕತೆಯೊಂದಿಗೆ ಮತ್ತೆ ಬಿಡುಗಡೆಯಾದಾಗಲೂ ಜನ ಅವನನ್ನು ನೆನೆದು ಸಂಭ್ರಮಿಸಿದರು. ನಮ್ಮ ಓಣಿಗಳ ಹುಡುಗರೂ ಅದೇ ಮಾತನ್ನು ಅನುಕರಿಸಿ ನಕ್ಕಿದ್ದಾರೆ. ಜಲೀಲ ಮುಸ್ಲಿಮ್ ಎಂಬುದಷ್ಟೇ ನಮ್ಮ ತಕರಾರಲ್ಲ. ಪುಂಡರು ಎಲ್ಲ ಸಮುದಾಯದಲ್ಲೂ ಇದ್ದಾರೆ, ರಾಮಾಚಾರಿಯೂ ಪುಂಡನೇ. ತಕರಾರಿರುವುದು ಇನ್ನೊಂದು ಕಡೆ. ರಾಮಾಚಾರಿಗೆ ಒಬ್ಬ ಚಾಮಯ್ಯ ಇದ್ದಾರೆ, ಒಬ್ಬ ತುಂಗಮ್ಮ ಇದ್ದಾಳೆ. ಅವನ ಪುಂಡಾಟದ ಹಿಂದೆ ಒಂದು ಮನೆಯಿದೆ, ಆದ್ದರಿಂದ ಅವನ ತಪ್ಪಿಗೆ ಕಾರಣ ಸಿಗುತ್ತದೆ, ಕ್ಷಮೆ ಸಿಗುತ್ತದೆ. ಜಲೀಲನಿಗೆ ಅಪ್ಪನಿಲ್ಲ, ಅಮ್ಮನಿಲ್ಲ, ಮೇಷ್ಟ್ರಿಲ್ಲ. ಅವನು ಬೀದಿಯಲ್ಲೇ ಹುಟ್ಟಿದವನಂತೆ ಬರುತ್ತಾನೆ, ಏಟು ತಿಂದು ಹೋಗುತ್ತಾನೆ. ಸಿನಿಮಾದಲ್ಲಿ ಯಾರಿಗೆ ಅಪ್ಪ-ಅಮ್ಮ ಸಿಗುತ್ತಾರೋ ಅವರು ಮನುಷ್ಯರಾಗುತ್ತಾರೆ. ಸಿಗದವರು ಬರೀ ಪಾತ್ರವಾಗಿ ಉಳಿಯುತ್ತಾರೆ. ಪೋಷಕ ಪಾತ್ರ ಎಂಬ ಮಾತಿನ ಅರ್ಥ ಇಲ್ಲಿ ತಿಳಿಯುತ್ತದೆ. ಅದು ಕಥೆಯನ್ನು ಪೋಷಿಸುವ ಪಾತ್ರವಷ್ಟೇ ಅಲ್ಲ, ನಾಯಕನ ಮನುಷ್ಯತ್ವವನ್ನು ಪೋಷಿಸುವ ಪಾತ್ರ.

ವಯಸ್ಸಿನ ಲೆಕ್ಕ

ಈ ಜೋಡಿಯಲ್ಲಿ ಇಬ್ಬರೂ ಸಮಾನವಾಗಿ ಬೆಳೆದರೇ ಎಂದು ಕೇಳಿದರೆ, ಇಲ್ಲವೆನ್ನಬೇಕು. ರಾಜ್‌ಕುಮಾರ್ ಅವರಿಗಿಂತ ಅಶ್ವಥ್ ದೊಡ್ಡವರಾಗಿದ್ದದ್ದು ನಾಲ್ಕೇ ವರ್ಷ. ಆದರೂ ಬೇಗನೆ ತಲೆಗೆ ಬಿಳಿ ಬಣ್ಣ ಹಚ್ಚಿಕೊಂಡರು. ಆದರೆ ಅವರಿಗೆ ಮೇಷ್ಟ್ರು, ತಂದೆ, ಸೇವಕ, ಋಷಿ ಎಂದು ಬೇರೆ ಬೇರೆ ಮುಖಗಳು ಸಿಕ್ಕವು. ಪಂಡರಿಬಾಯಿಗೆ ಸಿಕ್ಕದ್ದು ಒಂದೇ ದಾರಿ. 1954ರಲ್ಲಿ, 1965ರಲ್ಲಿ ರಾಜ್‌ಕುಮಾರ್ ಅವರ ಹೆಂಡತಿಯಾಗಿದ್ದವರು 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅದೇ ರಾಜ್‌ಕುಮಾರ್ ಅವರ ತಾಯಿ. 1992ರಲ್ಲಿ ಅದು ತಮಿಳಿನಲ್ಲಿ ‘ಮನ್ನನ್’ ಆದಾಗ ರಜನೀಕಾಂತ್ ಅವರಿಗೂ ಅವರೇ ತಾಯಿ. ಲೀಲಾವತಿಯವರ ಲೆಕ್ಕ ಇನ್ನೂ ಕಠೋರ. 1974ರ ‘ಭಕ್ತ ಕುಂಬಾರ’ದಲ್ಲಿ ರಾಜ್‌ಕುಮಾರ್ ಹೆಂಡತಿ, 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ತಾಯಿ. ಎರಡೇ ವರ್ಷದಲ್ಲಿ ಒಂದು ತಲೆಮಾರು ದಾಟಿಸಿದರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ‘ತಾಯಿ’ ಎಂದೇ ಕಣ್ಣೀರು ಹಾಕಿತು. ನಾಯಕಿಯಾಗಿ ಮಾಡಿದ ಕೆಲಸ ಆ ಒಂದು ಪದದಲ್ಲಿ ಮುಳುಗಿಹೋಯಿತು.

ಇದು ಕನ್ನಡದ ಮಾತಷ್ಟೇ ಅಲ್ಲ. ಹಳಿಯಾಳದಿಂದ ಬಸ್ಸು ಹತ್ತಿದರೆ ಸಿಗುವ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್, 1939ರ ‘ಕಂಗನ್’ನಲ್ಲಿ ಅಶೋಕ್ ಕುಮಾರರ ನಾಯಕಿ. ಆ ಕಾಲದ ದೊಡ್ಡ ತಾರೆ, ಸಾಬೂನಿನ ಜಾಹೀರಾತಿನಲ್ಲೂ ಮಿಂಚಿದವರು. 1951ರ ‘ಆವಾರಾ’ದಲ್ಲಿ ಅವರು ರಾಜ್ ಕಪೂರರ ತಾಯಿ. ಆಮೇಲೆ ಹಿಂದಿ ಸಿನಿಮಾ ಅವರಿಗೆ ಹೆಚ್ಚಾಗಿ ಕೊಟ್ಟದ್ದು ಅತ್ತು ಸೊರಗುವ ತಾಯಿಯ ಸೀರೆಯನ್ನೇ. ಭಟ್ಕಳದ ಪಂಡರಿಬಾಯಿ, ಧಾರವಾಡದ ಲೀಲಾ ಚಿಟ್ನಿಸ್ ಇಬ್ಬರೂ ತೀರಿಕೊಂಡದ್ದು 2003ರಲ್ಲೇ. ಘಟ್ಟದ ಆಚೀಚೆಯ ಈ ಎರಡು ಊರು ಎರಡು ಭಾಷೆಗಳ ತೆರೆಗೆ ತಾಯಂದಿರನ್ನು ಕೊಟ್ಟವು. ಆ ತೆರೆಗಳು ಅವರಿಂದ ಬೇರೆಲ್ಲವನ್ನೂ ಕಿತ್ತುಕೊಂಡವು.

ತಾಯಿಯ ಪಾದದಡಿ ಸ್ವರ್ಗವಿದೆಯೆಂದು ನಮ್ಮ ಮನೆಗಳಲ್ಲೂ ಹೇಳುತ್ತೇವೆ. ಅದು ತಾಯಿಗೆ ಸಲ್ಲಬೇಕಾದ ಗೌರವದ ಮಾತು. ಆದರೆ ಆ ಮಾತನ್ನು ಹೇಳಿದ ಮೇಲೆ ಅವಳಿಗೆ ಬೇರೇನೂ ಕೊಡಬೇಕಾಗಿಲ್ಲವೆಂದು ತಿಳಿಯುವುದು ನಮ್ಮ ಅನುಕೂಲ. ತೆರೆ ಮಾಡಿದ್ದೂ ಅದನ್ನೇ.

ಬಾರದೆ ಉಳಿದ ಮನೆ

ಮುಸ್ಲಿಮ್ ಮನೆಯ ಅಬ್ಬಾ-ಅಮ್ಮಿಯನ್ನು ಸದಾಶಿವರಾಯರು, ಲಲಿತಮ್ಮರಷ್ಟು ವಿವರವಾಗಿ ಆ ಕಾಲದ ಕನ್ನಡ ಸಿನಿಮಾದಲ್ಲಿ ಕಂಡ ನೆನಪು ನಮಗಿಲ್ಲ. ಹಿಂದಿಯಲ್ಲಿ 1975ರ ‘ಶೋಲೆ’ಯಲ್ಲಿ ಎ.ಕೆ. ಹಂಗಲ್ ಮಾಡಿದ ಇಮಾಮ್ ಸಾಹೇಬರ ಪಾತ್ರ ಚಿಕ್ಕದು. ಆದರೆ ಮಗನನ್ನು ಕಳೆದುಕೊಂಡ ಆ ಕುರುಡು ತಂದೆಯನ್ನು ದೇಶವೇ ತನ್ನವನೆಂದುಕೊಂಡಿತು. ಆ ಚಿತ್ರ ನಮ್ಮ ರಾಮನಗರದ ಬಂಡೆಗಳ ನಡುವೆಯೇ ತಯಾರಾದದ್ದು. ಕನ್ನಡದಲ್ಲಿ ಮುಸ್ಲಿಮ್ ತಾಯಿ ತನ್ನ ಹಸಿವು, ಸಿಟ್ಟುಗಳ ಸಮೇತ ತೆರೆಯ ನಡುವೆ ನಿಂತದ್ದನ್ನು ನಾವು ಕಂಡದ್ದು 2004ರ ‘ಹಸೀನಾ’ದಲ್ಲಿ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ಚಿತ್ರವಾಗಿಸಿದರು, ತಾರಾ ರಾಷ್ಟ್ರಪ್ರಶಸ್ತಿ ಪಡೆದರು. 2008ರ ‘ಗುಲಾಬಿ ಟಾಕೀಸು’ ಚಿತ್ರದಲ್ಲಿ ಉಮಾಶ್ರೀ ಸೂಲಗಿತ್ತಿ ಗುಲಾಬಿಯಾದರು. ಗಮನಿಸಬೇಕಾದ ಸಂಗತಿಯೆಂದರೆ ಎರಡರ ಹಿಂದೆಯೂ ಲೇಖಕಿಯರಿದ್ದಾರೆ, ಒಬ್ಬರು ಬಾನು, ಇನ್ನೊಬ್ಬರು ವೈದೇಹಿ. ‘ಬೆಳ್ಳಿಮೋಡ’ದ ಹಿಂದೆಯೂ ತ್ರಿವೇಣಿ ಇದ್ದರು. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಿಗ್ಗಿದ ನಾವು, ಆ ಕಥೆಗಳು ನಮ್ಮ ಮನೆಯ ಗಂಡಸರಿಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಕಥೆ ಬರೆಯುವ ನಮಗೆ ಅಶ್ವಥ್-ಪಂಡರಿಬಾಯಿ ಜೋಡಿಯಿಂದ ಕಲಿಯುವುದು ಎರಡಿದೆ. ಒಂದು, ಕಥೆಯ ಅಂಚಿನಲ್ಲಿ ನಿಂತವರೇ ಕಥೆಗೆ ನೆಲ ಕೊಡುತ್ತಾರೆ. ಜಗುಲಿಯ ಮೇಲಿನ ಅಬ್ಬಾ, ಒಲೆಯ ಮುಂದಿನ ಅಮ್ಮಿ ಇಬ್ಬರಿಗೂ ಹೆಸರು, ಆಸೆ, ತಪ್ಪು ಎಲ್ಲವನ್ನೂ ಕೊಡದೆ ಹೋದರೆ ನಮ್ಮ ಕಥೆಯ ಹುಡುಗರೂ ಜಲೀಲನ ಹಾಗೆ ಬೀದಿಯಲ್ಲೇ ಹುಟ್ಟುತ್ತಾರೆ. ಎರಡು, ಹಿರಿಯರನ್ನು ಬರೆಯುವಾಗ ಅವರ ಒಳ್ಳೆಯತನ ನಮ್ಮ ಬಾಯಿ ಕಟ್ಟಬಾರದು. ಪ್ರೀತಿಯಿಂದ ಕಸಿದುಕೊಂಡದ್ದೂ ಕಸಿದುಕೊಂಡದ್ದೇ.

ಈಗ ಈ ಹಳೆಯ ಚಿತ್ರಗಳು ಬೇಕೆಂದಾಗ ಅಂಗೈಯಲ್ಲಿನ ಮೊಬೈಲಿನಲ್ಲೇ ಸಿಗುತ್ತವೆ. ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ‘ಬೆಳ್ಳಿಮೋಡ’ವನ್ನು ಇನ್ನೊಮ್ಮೆ ನೋಡಬಹುದು. ಅಶ್ವಥ್ ಅವರ ದನಿಗೆ ಮನಸ್ಸು ಕರಗಲಿ, ಪಂಡರಿಬಾಯಿಯವರ ಕಣ್ಣಿಗೆ ನಮ್ಮ ಕಣ್ಣೂ ತುಂಬಲಿ. ಚಿತ್ರ ಮುಗಿದ ಮೇಲೆ ಆ ತೋಟದಲ್ಲಿ ಇಂದಿರಾಳ ಪಾಲೆಷ್ಟು ಎಂದು ಅವರಲ್ಲೊಬ್ಬಳು ಕೇಳಿದರೆ, ಮಾತು ತಿರುಗಿಸದೆ ಉತ್ತರ ಹೇಳೋಣ. ನಮ್ಮ ಮನೆಯ ಉತಾರದಲ್ಲಿ ಅವಳ ಹೆಸರಿದೆಯೇ ಎಂದು ಆಮೇಲೆ ಕೇಳಿದರೆ, ಅದಕ್ಕೂ.